ಬಿಟ್ಟ ಸ್ಥಳ ತುಂಬಿರಿ

ಜಿ.ಆರ್.ಇ. ಪರೀಕ್ಷೆಯ ಗಣಿತಕ್ಕೆ ನಮ್ಮ ಕಡೆಯವರು ಅಷ್ಟಾಗಿ ಹೆದರುವುದಿಲ್ಲ. ಹೆಚ್ಚುಕಡಿಮೆ ಹೈಸ್ಕೂಲಿನ ಗಣಿತ ಅದು, ಒಂಚೂರು ತಿರುಚಿ ಕೇಳುತ್ತಾರೆ. ಹೆದರಿಸುವುದು ವರ್ಬಲ್. ಅದರಲ್ಲೂ ಒಂದು ವಾಕ್ಯ ಕೊಟ್ಟು, ನಡುವೆ ಜಾಗ ಖಾಲಿ ಬಿಟ್ಟು, ಕೆಳಗೆ ಐದು ಪದ ನಿಲ್ಲಿಸಿ, ಇದರಲ್ಲಿ ಯಾವುದು ಕೂರುತ್ತದೆ ಹೇಳು ಅನ್ನುವ ಪ್ರಶ್ನೆ. ಪ್ರೈಮರಿ ಶಾಲೆಯಲ್ಲಿ ‘ಬಿಟ್ಟ ಸ್ಥಳ ತುಂಬಿರಿ’ ಅಂದರೆ ಪುಕ್ಕಟೆ ಅಂಕ. ಅದೇ ಬಿಟ್ಟ ಸ್ಥಳ 2016ರಲ್ಲಿ ನನ್ನ ನಿದ್ದೆ, ಊಟ, ಸಂಬಳದ ಒಂದು ಪಾಲು ಎಲ್ಲವನ್ನೂ ತಿಂದಿತು. ಬರುತ್ತಿದ್ದ ಇಂಗ್ಲಿಷನ್ನೂ ಆಡಲು ಹೆದರುವ ಹಾಗೆ ಮಾಡಿತು. ಕನ್ನಡ ಮಾಧ್ಯಮದಲ್ಲಿ ಓದಿ ಇವತ್ತು ಇದೇ ಪರೀಕ್ಷೆಗೆ ಕೂತಿರುವವರು ಇದ್ದಾರೆ ಅಂತ ಗೊತ್ತು. ಅವರಿಗಾಗಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಾನು ತಿಪಟೂರು ತಾಲ್ಲೂಕಿನ ಹಳ್ಳಿಯವಳು. ಎಸ್ಸೆಸ್ಸೆಲ್ಸಿವರೆಗೆ ಸರ್ಕಾರಿ ಶಾಲೆ. ನಮ್ಮ ಕಾಲಕ್ಕೆ ಎ ಬಿ ಸಿ ಡಿ ಶುರುವಾಗುತ್ತಿದ್ದದ್ದೇ ಐದನೇ ಕ್ಲಾಸಿನಲ್ಲಿ. ಆಮೇಲೆ ಪಿಯುಸಿ ಸೈನ್ಸು, ಹಾಸನದಲ್ಲಿ ಸಿವಿಲ್ ಎಂಜಿನಿಯರಿಂಗು, ಬೆಂಗಳೂರಿನ ಔಟರ್ ರಿಂಗ್ ರೋಡಿನ ಒಂದು ಕಂಪನಿಯಲ್ಲಿ ಪೈಪ್‌ಲೈನ್ ಡಿಸೈನಿನ ಕೆಲಸ. ನಮ್ಮ ತೋಟದಲ್ಲಿ ಕೊರೆಸಿದ ಬೋರ್‌ವೆಲ್ಲುಗಳು ಒಂದಾದ ಮೇಲೊಂದು ಬತ್ತಿದ್ದನ್ನು ನೋಡಿಕೊಂಡೇ ಬೆಳೆದವಳು ನಾನು. ಅಂತರ್ಜಲದ ಬಗ್ಗೆ ಮುಂದೆ ಓದಬೇಕು ಅನ್ನುವ ಆಸೆ ಹುಟ್ಟಿದ್ದು ಅಲ್ಲಿಂದ. ಅಮೆರಿಕದ ಯೂನಿವರ್ಸಿಟಿಗಳಲ್ಲಿ ಆ ವಿಷಯಕ್ಕೆ ಒಳ್ಳೆಯ ವಿಭಾಗಗಳಿದ್ದವು. ಅರ್ಜಿ ಹಾಕಲು ಜಿ.ಆರ್.ಇ. ಸ್ಕೋರು ಬೇಕಿತ್ತು. ಪರೀಕ್ಷೆಯ ಫೀಸು ಇನ್ನೂರು ಡಾಲರು ದಾಟಿತ್ತು. ಆಗಿನ ನನ್ನ ಸಂಬಳಕ್ಕೆ ಅದು ಒಂದು ತಿಂಗಳ ಪಿಜಿ ಬಾಡಿಗೆಗಿಂತ ಹೆಚ್ಚು.

ಈ ಪರೀಕ್ಷೆಯ ಚರಿತ್ರೆ ಸ್ವಲ್ಪ ಹೇಳಬೇಕು, ಯಾಕೆಂದರೆ ನಾನು ಅನುಭವಿಸಿದ ಪಾಡಿನ ಅರ್ಧ ಭಾಗ ಆ ಚರಿತ್ರೆಯಿಂದಲೇ ಬಂದದ್ದು. ಜಿ.ಆರ್.ಇ. ಹುಟ್ಟಿದ್ದು 1930ರ ದಶಕದಲ್ಲಿ. 1947ರಲ್ಲಿ ಸ್ಥಾಪನೆಯಾದ, ನ್ಯೂಜೆರ್ಸಿಯ ಪ್ರಿನ್ಸ್‌ಟನ್ ಬಳಿ ಇರುವ ಇ.ಟಿ.ಎಸ್. ಸಂಸ್ಥೆ ಅದನ್ನು ನಡೆಸುತ್ತದೆ. 2011ರ ಆಗಸ್ಟಿನವರೆಗೆ ವರ್ಬಲ್‌ನಲ್ಲಿ ಆಂಟೊನಿಮ್, ಅನಾಲಜಿ ಅಂತ ಪ್ರಶ್ನೆಗಳಿದ್ದವು. ವಾಕ್ಯವೇ ಇಲ್ಲ. ಒಂದು ಪದ ಕೊಟ್ಟು ಅದರ ವಿರುದ್ಧ ಪದ ಯಾವುದು ಅಂತ ಕೇಳುವುದು, ಇಲ್ಲವೆ ಎರಡು ಪದಗಳಿಗಿರುವ ಸಂಬಂಧವೇ ಇರುವ ಇನ್ನೊಂದು ಜೋಡಿ ಹುಡುಕಿಸುವುದು. ಪಟ್ಟಿ ಬಾಯಿಪಾಠ ಮಾಡಿದವರು ಅಲ್ಲಿ ಗೆಲ್ಲಬಹುದಿತ್ತು. 2011ರಲ್ಲಿ ಆ ಎರಡನ್ನೂ ತೆಗೆದುಹಾಕಿದರು. 200ರಿಂದ 800ರವರೆಗೆ ಇದ್ದ ಅಂಕ 130ರಿಂದ 170ಕ್ಕೆ ಬಂತು. ಹಳೆಯ ಸೆಂಟೆನ್ಸ್ ಕಂಪ್ಲೀಷನ್ ಬೆಳೆದು ಟೆಕ್ಸ್ಟ್ ಕಂಪ್ಲೀಷನ್, ಸೆಂಟೆನ್ಸ್ ಇಕ್ವಿವಲೆನ್ಸ್ ಅನ್ನುವ ಎರಡು ಬಗೆಯ ಪ್ರಶ್ನೆಗಳಾದವು. ಪ್ರಶ್ನೆಪತ್ರಿಕೆ ಬದಲಾಯಿತು. ಬೆಂಗಳೂರಿನ ಕೋಚಿಂಗ್ ಕ್ಲಾಸುಗಳ ಜೆರಾಕ್ಸ್ ಕಟ್ಟು ಮಾತ್ರ ಬದಲಾಗಲಿಲ್ಲ.

ನಾನು ಸೇರಿದ ಕ್ಲಾಸಿನಲ್ಲಿ ಮೊದಲ ದಿನವೇ ಕೈಗೆ ಬಂದದ್ದು ಆ ಕಟ್ಟು. ಮೂರೂವರೆ ಸಾವಿರ ಪದಗಳ ಪಟ್ಟಿ, ಎ-ಯಿಂದ ಝಡ್‌ವರೆಗೆ. ಜೆರಾಕ್ಸಿನ ಜೆರಾಕ್ಸು ಆಗಿ ಆಗಿ ಕೆಲವು ಪುಟಗಳ ಅಂಚಿನ ಅಕ್ಷರ ಹಾರಿಹೋಗಿದ್ದವು. ಪಾಠ ಮಾಡುವವರು ಬೋರ್ಡಿಗೆ ಬೆನ್ನು ಕೊಟ್ಟು ನಿಂತು, “ದಿನಕ್ಕೆ ಐವತ್ತು ಪದ. ಪದ ಗೊತ್ತಿದ್ರೆ ಉತ್ತರ ಗೊತ್ತು. ಬೇರೆ ಟ್ರಿಕ್ ಏನೂ ಇಲ್ಲ” ಅಂದರು. ಅವರು ಹೇಳಿದ್ದನ್ನು ನಾನು ಅಕ್ಷರಶಃ ಪಾಲಿಸಿದೆ. ಬಾಯಿಪಾಠ ನನಗೆ ಹೊಸದಲ್ಲ. ಮಗ್ಗಿಯನ್ನು, ಹಳಗನ್ನಡದ ಪದ್ಯವನ್ನು, ಪಿಯುಸಿಯ ಆರ್ಗ್ಯಾನಿಕ್ ಕೆಮಿಸ್ಟ್ರಿಯನ್ನು ಹಾಗೇ ಕಲಿತವಳು.

ಬೆಳಿಗ್ಗೆ ಐದಕ್ಕೆ ಏಳುವುದು, ಪಿಜಿಯ ಬಾಲ್ಕನಿಯಲ್ಲಿ ಕೂತು ಲಾಂಗ್ ನೋಟ್‌ಬುಕ್ಕಿನಲ್ಲಿ ಎಡಕ್ಕೆ ಪದ, ಬಲಕ್ಕೆ ಕನ್ನಡದ ಅರ್ಥ ಬರೆಯುವುದು. ಎಂಟಕ್ಕೆ ಸಿಲ್ಕ್ ಬೋರ್ಡಿನಲ್ಲಿ 500-ಡಿ ಬಸ್ಸು. ಕೂರಲು ಸೀಟು ಸಿಕ್ಕರೆ ನೋಟ್‌ಬುಕ್ಕು, ಸಿಗದಿದ್ದರೆ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಮೊಬೈಲಿನ ಫ್ಲ್ಯಾಶ್‌ಕಾರ್ಡು. ಮಾರತ್ತಹಳ್ಳಿ ಬರುವಷ್ಟರಲ್ಲಿ ಟ್ರಾಫಿಕ್ಕು ಒಂದಿಡೀ ಅಕ್ಷರ ಮುಗಿಸುವಷ್ಟು ಹೊತ್ತು ಕೊಡುತ್ತಿತ್ತು. ರಾತ್ರಿ ವಾಪಸ್ಸು ಬಂದು ಊಟಕ್ಕೆ ಕೂತರೂ ತಟ್ಟೆಯ ಪಕ್ಕದಲ್ಲಿ ಕಟ್ಟು. ಕಣ್ಣುರಿ, ಎದೆಯುರಿ ಎರಡೂ ಒಟ್ಟಿಗೆ ಶುರುವಾದವು. ಡಾಕ್ಟರು ಬರೆದುಕೊಟ್ಟ ಗ್ಯಾಸಿನ ಮಾತ್ರೆಯ ಹಾಳೆ ಬಹಳ ದಿನ ಆ ನೋಟ್‌ಬುಕ್ಕಿನಲ್ಲೇ ಪುಟ ಗುರುತಿಗೆ ಇತ್ತು.

ಇಷ್ಟಾದರೂ ಪ್ರಾಕ್ಟೀಸ್ ಟೆಸ್ಟಿನಲ್ಲಿ ಅಂಕ ಏರಲಿಲ್ಲ. 143. ಜಗತ್ತಿನಾದ್ಯಂತ ಬರೆಯುವವರ ಸರಾಸರಿ 150ರ ಆಸುಪಾಸು. ಪಟ್ಟಿಯ ಅರ್ಧ ಮುಗಿಸಿದ ಮೇಲೂ 143ರ ಹತ್ತಿರವೇ. ಗೊತ್ತಿಲ್ಲದ ಪದ ಬಂದು ತಪ್ಪಾದರೆ ಸಂಕಟವಿಲ್ಲ. ಐದೂ ಪದ ನನ್ನ ನೋಟ್‌ಬುಕ್ಕಿನಲ್ಲಿ ಇದ್ದೂ ತಪ್ಪಾಗುತ್ತಿತ್ತು. ಅದು ಹೊಟ್ಟೆಗೆ ಗುದ್ದಿದ ಹಾಗೆ.

ಯಾಕೆ ಹಾಗೆ ಅನ್ನುವುದು ನಿಧಾನಕ್ಕೆ ಕಾಣತೊಡಗಿತು. ಪಟ್ಟಿಯ ಪದಗಳು ಒಂದಕ್ಕೊಂದು ಮುಖ ಹೋಲುವ ಅಣ್ಣತಮ್ಮಂದಿರು. ಇಂಜೀನಿಯಸ್ ಅಂದರೆ ಚತುರ, ಇಂಜೆನ್ಯುಅಸ್ ಅಂದರೆ ಕಪಟವಿಲ್ಲದ. ಎನರ್ವೇಟ್ ಅಂದರೆ ಎನರ್ಜಿ ಕೊಡುವುದು ಅನ್ನಿಸುತ್ತದೆ. ಅದರ ಅರ್ಥ ಶಕ್ತಿಗುಂದಿಸುವುದು. ಆದರೆ ಇವೆಲ್ಲ ಎಲ್ಲರನ್ನೂ ಕೆಡವುವ ಪದಗಳು, ಎರಡು ಸಲ ಬಿದ್ದರೆ ಮೂರನೆಯ ಸಲ ಎಚ್ಚರ ಬರುತ್ತದೆ. ನನ್ನಂಥವರನ್ನು ಕೆಡವುವ ಪದಗಳೇ ಬೇರೆ. ಅವು ಆ ಕಟ್ಟಿನಲ್ಲಿ ಇರಲೇ ಇಲ್ಲ. ಅವು ನಮ್ಮೂರಿನವರೆಲ್ಲ ದಿನಾ ಬಳಸುವ ಪದಗಳು. ಸ್ಯಾಂಕ್ಷನ್ ಅಂದರೆ ಯಾರಿಗೆ ಗೊತ್ತಿಲ್ಲ? ಸೊಸೈಟಿಯಲ್ಲಿ ಲೋನ್ ಸ್ಯಾಂಕ್ಷನ್ ಆಗುತ್ತದೆ. ಪರೀಕ್ಷೆಯಲ್ಲಿ ಅದೇ ಪದ ಒಂದು ಕಡೆ ಒಪ್ಪಿಗೆ, ಇನ್ನೊಂದು ಕಡೆ ದಂಡನೆ. ಟೆಂಡರು ಪಿಡಬ್ಲ್ಯುಡಿಯವರು ಕರೆಯುವುದು; ಅಲ್ಲಿ ಅದು ಮುಂದಿಡು, ಸಲ್ಲಿಸು ಅನ್ನುವ ಕ್ರಿಯಾಪದ. ಚೆಕ್ ಅಂದರೆ ತಡೆಹಿಡಿ. ಫ್ಲ್ಯಾಗ್ ಅಂದರೆ ಸೋತು ಸೊರಗು. ಗೊತ್ತಿಲ್ಲದ್ದನ್ನು ಡಿಕ್ಷನರಿ ತೆಗೆದು ನೋಡುತ್ತೇವೆ. ಗೊತ್ತಿದೆ ಅಂದುಕೊಂಡದ್ದನ್ನು ಯಾರು ನೋಡುತ್ತಾರೆ?

ಪಿಜಿಯ ನನ್ನ ರೂಮ್‌ಮೇಟು ಮೈಸೂರಿನವಳು. ಕಾನ್ವೆಂಟಿನಲ್ಲಿ ಓದಿದವಳು, ಚಿಕ್ಕಂದಿನಿಂದ ಇಂಗ್ಲಿಷ್ ಕಾದಂಬರಿ ಹಿಡಿದೇ ಮಲಗಿದವಳು. ಒಂದು ಭಾನುವಾರ ನಾನು ತಲೆ ಹಿಡಿದುಕೊಂಡು ಕೂತಿದ್ದನ್ನು ನೋಡಿ ಪಕ್ಕಕ್ಕೆ ಬಂದಳು. ನನ್ನ ಮುಂದೆ ಇದ್ದ ಪ್ರಶ್ನೆ ಇಂಥದ್ದು: ‘ಆ ಹಿರಿಯ ವಿಜ್ಞಾನಿಯ ಹೊಗಳಿಕೆ ಡ್ಯಾಶ್ ಆಗಿತ್ತು, ಪ್ರಯೋಗದ ವಿಧಾನವನ್ನು ಮೆಚ್ಚಿಕೊಂಡರೂ ಅದರಿಂದ ತೆಗೆದ ತೀರ್ಮಾನಗಳ ಬಗ್ಗೆ ಅವರು ಹಲವು ಆಕ್ಷೇಪ ಎತ್ತಿದರು.’ ಕೆಳಗೆ ಎಫ್ಯೂಸಿವ್, ಲ್ಯಾಕೋನಿಕ್, ಯುನಾನಿಮಸ್, ಕ್ವಾಲಿಫೈಡ್, ಪರ್ಫಂಕ್ಟರಿ. ಎಫ್ಯೂಸಿವ್ ಅಂದರೆ ಉಕ್ಕಿ ಹರಿಯುವಂಥದ್ದು, ಲ್ಯಾಕೋನಿಕ್ ಅಂದರೆ ಮಿತಮಾತು, ಯುನಾನಿಮಸ್ ಅಂದರೆ ಸರ್ವಾನುಮತದ್ದು, ಪರ್ಫಂಕ್ಟರಿ ಅಂದರೆ ಕಾಟಾಚಾರದ್ದು. ನಾಲ್ಕೂ ನನ್ನ ನೋಟ್‌ಬುಕ್ಕಿನಲ್ಲಿದ್ದವು. ಕ್ವಾಲಿಫೈಡ್ ಮಾತ್ರ ಇರಲಿಲ್ಲ, ಅದನ್ನು ಬರೆದುಕೊಳ್ಳುವ ಅಗತ್ಯವೇ ಕಂಡಿರಲಿಲ್ಲ. ಅರ್ಹತೆ ಪಡೆದ, ಪಾಸಾದ, ಕ್ವಾಲಿಫೈಡ್ ಎಂಜಿನಿಯರ್. ನಾನು ಪರ್ಫಂಕ್ಟರಿ ಹಾಕಿದ್ದೆ.

“ಕ್ವಾಲಿಫೈಡ್ ಕಣೇ,” ಅಂದಳು ಅವಳು, ಓದಿ ಮುಗಿಸುವ ಮೊದಲೇ.

“ಹೊಗಳಿಕೆ ಹೆಂಗೆ ಪಾಸಾಗುತ್ತೆ?”

“ಪಾಸಲ್ವೇ. ಹೊಗಳಿದ್ರು, ಆದ್ರೆ ಷರತ್ತು ಹಾಕಿ ಹೊಗಳಿದ್ರು. ಕ್ವಾಲಿಫೈಡ್ ಪ್ರೇಸ್ ಅಂತಾರಲ್ಲ.”

“ಪರ್ಫಂಕ್ಟರಿ ಯಾಕಾಗಲ್ಲ ಮತ್ತೆ?”

ಅವಳು ಸ್ವಲ್ಪ ಯೋಚಿಸಿದಳು. “ಗೊತ್ತಿಲ್ಲ ಕಣೇ. ಅದು ಅಲ್ಲಿ ಕೇಳೋಕೆ ಸರಿ ಇಲ್ಲ.”

ಆ ಕೊನೆಯ ಮಾತು ಬಹಳ ದಿನ ನನ್ನನ್ನು ಕಾಡಿತು. ನಮ್ಮಪ್ಪ ಅಟ್ಟದ ಮೇಲಿನ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸಿ, ಒಳಗೆ ಕೊಬ್ಬರಿ ಉಂಡೆಗಟ್ಟಿದೆಯೋ ಇಲ್ಲವೋ ಹೇಳುತ್ತಾರೆ. ಹೇಗೆ ಗೊತ್ತಾಯಿತು ಅಂತ ಕೇಳಿದರೆ ಅವರಿಗೆ ಹೇಳಲು ಬರುವುದಿಲ್ಲ. ಅವಳಿಗೂ ಇಂಗ್ಲಿಷ್ ವಾಕ್ಯದ ವಿಷಯದಲ್ಲಿ ಅಂಥ ಕಿವಿ ಇತ್ತು. ಹದಿನೈದು ವರ್ಷ ಕಾದಂಬರಿ ಓದಿ ಬಂದ ಕಿವಿ ಅದು, ದಿನಕ್ಕೆ ಐವತ್ತು ಪದದಿಂದ ಬರುವುದಲ್ಲ. ಆ ಹದಿನೈದು ವರ್ಷವನ್ನು ನಾನು ಎಲ್ಲಿಂದ ತರಲಿ?

ಅದೇ ಹೊತ್ತಿಗೆ ಆಫೀಸಿನಲ್ಲಿ ನನ್ನ ಬಾಯಿ ಕಟ್ಟಿತು. ಮೊದಲೆಲ್ಲ ಕ್ಲೈಂಟ್ ಕಾಲ್‌ನಲ್ಲಿ ತಪ್ಪೋ ಒಪ್ಪೋ ಹೇಳಬೇಕಾದ್ದನ್ನು ಹೇಳಿ ಮುಗಿಸುತ್ತಿದ್ದೆ. ಈಗ ಒಂದು ಪದ ಬಾಯಿಗೆ ಬಂದರೆ ಅದಕ್ಕೆ ಇನ್ನೊಂದು ಅರ್ಥ ಇರಬಹುದೇ ಅನ್ನುವ ಅನುಮಾನ. ‘ಚೆಕ್ ಮಾಡಿ ಹೇಳುತ್ತೇನೆ’ ಅನ್ನಲೂ ತಡವರಿಸಿದೆ. ಮ್ಯಾನೇಜರು ಹುಷಾರಿಲ್ಲವೇ ಅಂತ ವಿಚಾರಿಸಿದರು. ಮನೆಯಿಂದ ಅಪ್ಪನ ಫೋನು.

“ಏನವ್ವಾ, ಮುಗೀತೇ ನಿನ್ ಪರೀಕ್ಷೆ?”

“ಇಲ್ಲಪ್ಪ, ಇನ್ನೂ ಐತೆ.”

“ಎಂಜಿನಿಯರಿಂಗ್ ಪಾಸ್ ಮಾಡಿ ಕೆಲಸದಲ್ಲಿರೋಳಿಗೆ ಇಂಗ್ಲಿಷ್ ಬರ್ತೈತೋ ಇಲ್ವೋ ಅಂತ ಈಗ ನೋಡ್ತಾರಾ ಅವ್ರು?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಫೋನಿಟ್ಟು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಪಿಜಿಯಲ್ಲಿ ಅಳುವುದಕ್ಕೆ ಇರುವ ಜಾಗ ಅದೊಂದೇ.

ದಾರಿ ತೋರಿಸಿದ್ದು ಯಾವ ಕೋಚಿಂಗೂ ಅಲ್ಲ, ನಮ್ಮ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು. ಅವರು ಕನ್ನಡದಲ್ಲೇ ಇಂಗ್ಲಿಷ್ ಕಲಿಸಿದವರು. ಅವರ ಉಚ್ಚಾರಣೆಯನ್ನು ಕಾಲೇಜಿನಲ್ಲಿ ನಾವೇ ಅಣಕ ಮಾಡಿ ನಕ್ಕಿದ್ದೇವೆ. ಆದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಅಂತ ‘ಎರಡು ವಾಕ್ಯ ಕೂಡಿಸಿ’ ಅನ್ನುವುದನ್ನು ಅವರು ಅರೆದು ಕುಡಿಸಿದ್ದರು. ದೋ ಹಾಕಿ ಕೂಡಿಸು, ಇನ್ ಸ್ಪೈಟ್ ಆಫ್ ಹಾಕಿ ಕೂಡಿಸು, ಟೂ-ಟು ಹಾಕಿ ಕೂಡಿಸು, ಅನ್‌ಲೆಸ್ ಹಾಕಿ ಕೂಡಿಸು. “ದೋ ಬಂತು ಅಂದ್ರೆ ಮುಂದೆ ಎಡವಟ್ಟು ಐತೆ ಅಂತ ತಿಳ್ಕಳಿ” ಅನ್ನುತ್ತಿದ್ದರು. ‘ಬಡವನಾದರೂ ಪ್ರಾಮಾಣಿಕ’ ಅನ್ನುವ ಆ ಒಂದು ಮಾದರಿ ವಾಕ್ಯವನ್ನು ಎಷ್ಟು ಸಲ ಬರೆಸಿದ್ದಾರೋ ಲೆಕ್ಕವಿಲ್ಲ.

ಒಂದು ಶನಿವಾರ ತಪ್ಪಾದ ಪ್ರಶ್ನೆಗಳನ್ನೆಲ್ಲ ಒಟ್ಟಿಗೆ ಹರಡಿಕೊಂಡು, ಉತ್ತರದ ಪದ ಬಿಟ್ಟು ವಾಕ್ಯವನ್ನಷ್ಟೇ ನೋಡುತ್ತಾ ಹೋದೆ. ಹೆಚ್ಚಿನವುಗಳಲ್ಲಿ ಮೇಷ್ಟ್ರು ಕುಡಿಸಿದ ಮದ್ದಿತ್ತು. ಆಲ್‌ದೋ, ಯೆಟ್, ಡಿಸ್ಪೈಟ್, ಫಾರ್ ಫ್ರಮ್, ರಾದರ್ ದ್ಯಾನ್, ಹಾರ್ಡ್ಲಿ, ಪ್ಯಾರಡಾಕ್ಸಿಕಲಿ. ಕೆಲವು ಕಡೆ ಅವೂ ಇಲ್ಲ. ಒಂದು ಕೋಲನ್ ಅಥವಾ ಸೆಮಿಕೋಲನ್ ಇರುತ್ತದೆ, ಅದರಾಚೆಯ ಭಾಗ ಈಚೆಯ ಭಾಗವನ್ನೇ ಬಿಡಿಸಿ ಹೇಳುತ್ತಿರುತ್ತದೆ. ಖಾಲಿ ಜಾಗದಲ್ಲಿ ಬರಬೇಕಾದ ಅರ್ಥವನ್ನು ವಾಕ್ಯವೇ ಎಲ್ಲೋ ಒಂದು ಕಡೆ ಹೇಳಿ ಮುಗಿಸಿರುತ್ತದೆ. ಹೇಳದೆ ಇದ್ದರೆ ಅದು ಪ್ರಶ್ನೆಯಾಗಲು ಸಾಧ್ಯವೇ ಇಲ್ಲ, ಯಾಕೆಂದರೆ ಒಂದೇ ಸರಿಯುತ್ತರ ಅಂತ ಪರೀಕ್ಷೆ ಮಾಡುವವರು ಸಾಧಿಸಿ ತೋರಿಸಬೇಕಲ್ಲ. ವಿಜ್ಞಾನಿಯ ಹೊಗಳಿಕೆಯ ವಾಕ್ಯವನ್ನು ಮತ್ತೆ ತೆಗೆದೆ. ‘ಮೆಚ್ಚಿಕೊಂಡರೂ’ ಮತ್ತು ‘ಆಕ್ಷೇಪ’ ಎರಡೂ ಅಲ್ಲೇ ಇದ್ದವು. ಕಾಟಾಚಾರಕ್ಕೆ ಹೊಗಳುವವರು ಆಕ್ಷೇಪ ಎತ್ತುವ ಗೋಜಿಗೇ ಹೋಗುವುದಿಲ್ಲ. ಪರ್ಫಂಕ್ಟರಿ ಯಾಕಾಗಲ್ಲ ಅನ್ನುವುದಕ್ಕೆ ರೂಮ್‌ಮೇಟಿಗೆ ಹೇಳಲಾಗದ ಕಾರಣ ನನಗೆ ಸಿಕ್ಕಿತ್ತು. ಅವಳದು ಕಿವಿ, ನನ್ನದು ವ್ಯಾಕರಣ. ಅಂದು ರಾತ್ರಿ ಹೊಟ್ಟೆ ತುಂಬ ಊಟ ಮಾಡಿದೆ.

ಆಮೇಲೆ ಅಭ್ಯಾಸದ ಕ್ರಮವನ್ನೇ ಬದಲಾಯಿಸಿಕೊಂಡೆ. ಬಸ್ಸಿನಲ್ಲಿ ಪುಸ್ತಕ ತೆರೆದರೆ ಆಯ್ಕೆಗಳ ಮೇಲೆ ಬಿಎಂಟಿಸಿ ಪಾಸನ್ನು ಅಡ್ಡ ಇಡುವುದು. ವಾಕ್ಯ ಓದುವುದು. ಖಾಲಿ ಜಾಗದಲ್ಲಿ ಪೆನ್ಸಿಲಿನಲ್ಲಿ ಕನ್ನಡದ ಪದ ಬರೆಯುವುದು: ‘ಜಿಪುಣ’, ‘ಒಲ್ಲದ ಮನಸ್ಸಿನ’, ‘ಮೇಲ್ನೋಟದ’, ‘ಹಟಮಾರಿ’. ಸರಿಯಾದ ಪದವೇ ಆಗಬೇಕೆಂದಿಲ್ಲ. ಒಳ್ಳೆಯದೋ ಕೆಟ್ಟದ್ದೋ, ಹೆಚ್ಚೋ ಕಡಿಮೆಯೋ ಅಷ್ಟು ಗೊತ್ತಾದರೂ ಸಾಕು. ಆಮೇಲೆ ಪಾಸು ಸರಿಸಿ, ಅದಕ್ಕೆ ಹತ್ತಿರದ್ದು ಯಾವುದು ನೋಡುವುದು. ಆಯ್ಕೆ ನೋಡುವ ಮೊದಲು ನಿಮ್ಮದೇ ಪದ ಯೋಚಿಸಿ ಅಂತ ಇ.ಟಿ.ಎಸ್.ನ ಅಧಿಕೃತ ಗೈಡಿನಲ್ಲೂ ಸಲಹೆ ಇದೆ. ಆ ಪದ ಇಂಗ್ಲಿಷಿನದೇ ಆಗಿರಬೇಕು ಅಂತೇನೂ ಅಲ್ಲಿಲ್ಲ. ನನಗೆ ಕನ್ನಡದ್ದು ಥಟ್ಟನೆ ಬರುತ್ತಿತ್ತು. ಇಂಗ್ಲಿಷಿನದನ್ನು ಹುಡುಕಲು ಹೋದರೆ ಪಟ್ಟಿಯ ಅಣ್ಣತಮ್ಮಂದಿರೆಲ್ಲ ಒಟ್ಟಿಗೆ ಮೇಲೆ ಬೀಳುತ್ತಿದ್ದರು.

ಪದ ಕಲಿಯುವುದನ್ನು ಬಿಡಲಿಲ್ಲ, ಕಲಿಯುವ ಬಗೆ ಬೇರೆಯಾಯಿತು. ಅವೆನ್ಯೂ ರೋಡಿನ ಫುಟ್‌ಪಾತಿನಲ್ಲಿ ನಾರ್ಮನ್ ಲೂಯಿಸನ ‘ವರ್ಡ್ ಪವರ್ ಮೇಡ್ ಈಸಿ’ ಹಳೆಯ ಪ್ರತಿ ಸಿಕ್ಕಿತು. 1949ರಲ್ಲಿ ಮೊದಲು ಅಚ್ಚಾದ ಆ ಪುಸ್ತಕ ಪದವನ್ನು ಬೇರಿನಿಂದ ಹಿಡಿದು ಕಲಿಸುತ್ತದೆ, ಗುಂಪು ಗುಂಪಾಗಿ. ಮಾತಾಳಿ, ಮಿತಭಾಷಿಗಳೆಲ್ಲ ಒಂದು ಕಡೆ, ಜಿಪುಣ, ದುಂದುಗಾರರೆಲ್ಲ ಇನ್ನೊಂದು ಕಡೆ. ಎ-ಯಿಂದ ಝಡ್‌ವರೆಗಿನ ಪಟ್ಟಿಗಿಂತ ಅದು ನೂರು ಪಾಲು ಮೇಲು.

ಲೆಕ್ಕಾಚಾರವೂ ಒಂದಿದೆ, ತಿಳಿದುಕೊಂಡರೆ ಭಯ ಕಡಿಮೆಯಾಗುತ್ತದೆ. ಒಂದೇ ಖಾಲಿ ಜಾಗವಿದ್ದರೆ ಐದು ಆಯ್ಕೆ. ಎರಡೋ ಮೂರೋ ಇದ್ದರೆ ಒಂದೊಂದಕ್ಕೂ ಮೂರು ಮೂರು. ಮೂರರಲ್ಲಿ ಎರಡು ಸರಿಯಾಗಿ ಒಂದು ತಪ್ಪಿದರೂ ಸೊನ್ನೆ. ಕಣ್ಣುಮುಚ್ಚಿ ಹಾಕಿದರೆ ಸರಿಯಾಗುವ ಸಾಧ್ಯತೆ ಇಪ್ಪತ್ತೇಳರಲ್ಲಿ ಒಂದು. ಹಾಗಂತ ಖಾಲಿ ಬಿಡಬಾರದು, ತಪ್ಪಿಗೆ ಅಂಕ ಕಳೆಯುವುದಿಲ್ಲ. ಮೂರು ಖಾಲಿ ಜಾಗ ಇದ್ದಾಗ ಮೊದಲನೆಯದರಿಂದಲೇ ಶುರುಮಾಡಬೇಕಿಲ್ಲ. ಸುಳಿವು ಗಟ್ಟಿಯಾಗಿರುವುದನ್ನು ಮೊದಲು ತುಂಬಿದರೆ ಅದು ಉಳಿದವುಗಳನ್ನು ಎಳೆದುಕೊಂಡು ಬರುತ್ತದೆ. ಸೆಂಟೆನ್ಸ್ ಇಕ್ವಿವಲೆನ್ಸಿನಲ್ಲಿ ಆರು ಪದ ಕೊಟ್ಟು, ಒಂದೇ ಅರ್ಥದ ವಾಕ್ಯ ಕೊಡುವ ಎರಡನ್ನು ಆರಿಸಿ ಅನ್ನುತ್ತಾರೆ. ಅಲ್ಲಿನ ಬಲೆ ಇದು: ತಮ್ಮತಮ್ಮಲ್ಲಿ ಸಮಾನಾರ್ಥಕವಾದ, ಆದರೆ ವಾಕ್ಯಕ್ಕೆ ಸಲ್ಲದ ಒಂದು ಜೋಡಿ ಕಾದು ಕೂತಿರುತ್ತದೆ. ಜೊತೆಗೆ, ವಾಕ್ಯಕ್ಕೆ ಚೆನ್ನಾಗಿ ಕೂರುವ, ಆದರೆ ಜೋಡಿಯಿಲ್ಲದ ಒಂಟಿ ಪದ. ಬಾಯಿಪಾಠದವರು ಮೊದಲನೆಯದಕ್ಕೆ ಬೀಳುತ್ತಾರೆ, ಅವಸರದವರು ಎರಡನೆಯದಕ್ಕೆ.

ಇಷ್ಟಾದ ಮೇಲೂ ಒಂದು ತೊಡಕು ಉಳಿಯಿತು. ವಾಕ್ಯಗಳೆಲ್ಲ ಎಲ್ಲಿಯದೋ ಲೋಕದವು. ಹಾರ್ಲೆಮ್ ರಿನೈಸಾನ್ಸ್, ಹತ್ತೊಂಬತ್ತನೇ ಶತಮಾನದ ಅಮೆರಿಕದ ಹೆಂಗಸರ ಮತದಾನದ ಹೋರಾಟ, ಯಾವುದೋ ಚಿತ್ರಕಾರನ ಬಗ್ಗೆ ವಿಮರ್ಶಕರ ಜಗಳ. ಹೊರಗಿನ ತಿಳಿವಳಿಕೆ ಬೇಕಾಗಿಲ್ಲ, ಎಲ್ಲ ವಾಕ್ಯದಲ್ಲೇ ಇದೆ ಅನ್ನುತ್ತಾರೆ. ಮಾತು ನಿಜ. ಆದರೆ ಪರಿಚಯವಿದ್ದವರು ಅರ್ಧ ಉಸಿರಿನಲ್ಲಿ ದಾಟುವ ವಾಕ್ಯದಲ್ಲಿ ಪರಿಚಯವಿಲ್ಲದವರು ಎರಡು ಸಲ ಮುಗ್ಗರಿಸುತ್ತಾರೆ, ಗಡಿಯಾರ ಮಾತ್ರ ಇಬ್ಬರಿಗೂ ಒಂದೇ. ಬಂಡೆ, ಮಣ್ಣು, ನದಿಯ ವಾಕ್ಯ ಬಂದ ದಿನ ಹಬ್ಬ. ಅವು ಬಂದಾಗ ನಾನು ರೂಮ್‌ಮೇಟಿಗಿಂತ ಮುಂದೆ ಇರುತ್ತಿದ್ದೆ.

ಪರೀಕ್ಷೆಯ ದಿನ ಬೆಂಗಳೂರಿನ ಸೆಂಟರಿನಲ್ಲಿ ಪಾಸ್‌ಪೋರ್ಟು ತೋರಿಸಿದ್ದು, ಆಮೇಲೆ ಜೇಬು ಹೊರಗೆಳೆದು ತೋರಿಸಿದ್ದು, ಕೈಗಡಿಯಾರ ಬಿಚ್ಚಿಟ್ಟಿದ್ದು. ಅದಕ್ಕೂ ಮೊದಲು ಒಂದು ಹಾಳೆ ಕೊಟ್ಟು, ಪ್ರಶ್ನೆಗಳನ್ನು ಯಾರಿಗೂ ಹೇಳುವುದಿಲ್ಲ ಅನ್ನುವ ಹೇಳಿಕೆಯನ್ನು ನೋಡಿ ಬರೆಯಲು ಹೇಳಿದರು. ಬಿಡಿ ಅಕ್ಷರ ಆಗದು, ಕೂಡಿಸಿಯೇ ಬರೆಯಬೇಕು. ಪಕ್ಕದಲ್ಲಿ ಕೂತಿದ್ದ ಹುಡುಗ ಪೆನ್ನು ಹಿಡಿದು ತಿಣುಕುತ್ತಿದ್ದ. ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ಬರೆದು ಬರೆದು ಕೈ ಪಳಗಿದ್ದ ನಾನು ಒಂದೇ ಏಟಿಗೆ ಮುಗಿಸಿದೆ. ಸರ್ಕಾರಿ ಶಾಲೆಗೆ ಅಲ್ಲೊಂದು ಗೆಲುವು.

ಆಗ ಪರೀಕ್ಷೆ ಒಟ್ಟು ಮೂರು ಮುಕ್ಕಾಲು ಗಂಟೆ. ಅರ್ಧರ್ಧ ಗಂಟೆಯ ಎರಡು ಪ್ರಬಂಧ, ಆಮೇಲೆ ವರ್ಬಲ್ ಎರಡು ಭಾಗ, ಗಣಿತ ಎರಡು ಭಾಗ. ಸಾಲದ್ದಕ್ಕೆ ಅಂಕಕ್ಕೆ ಹಿಡಿಯದ ಇನ್ನೊಂದು ಭಾಗವನ್ನೂ ನಡುವೆ ಸೇರಿಸುತ್ತಿದ್ದರು, ಮುಂದಿನ ಪರೀಕ್ಷೆಗಳ ಪ್ರಶ್ನೆಗಳನ್ನು ನಮ್ಮ ಮೇಲೆ ಪ್ರಯೋಗಿಸಿ ನೋಡಲು. ಅದು ಯಾವುದು ಅಂತ ಹೇಳುವುದಿಲ್ಲ. ನನಗೆ ಬಂದದ್ದು ವರ್ಬಲ್. ಮೂರು ವರ್ಬಲ್, ಒಂದೊಂದರಲ್ಲೂ ಮೂವತ್ತು ನಿಮಿಷಕ್ಕೆ ಇಪ್ಪತ್ತು ಪ್ರಶ್ನೆ, ಅರ್ಧದಷ್ಟು ಖಾಲಿ ಜಾಗದವು. ಮೂರರಲ್ಲಿ ಯಾವುದು ಹುಸಿ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಮೊದಲನೆಯದನ್ನು ಚೆನ್ನಾಗಿ ಮಾಡಿದರೆ ಎರಡನೆಯದು ಕಷ್ಟದ್ದು ಬರುತ್ತದೆ, ಅದು ಒಳ್ಳೆಯ ಸೂಚನೆ ಅಂತ ಓದಿದ್ದೆ. ಆದರೆ ಪರದೆಯ ಮೇಲೆ ಸಾಲಾಗಿ ಮೂರು ಖಾಲಿ ಜಾಗದ ಪ್ರಶ್ನೆಗಳು ಬಂದಾಗ ಕೈ ತಣ್ಣಗಾಯಿತು. ಪಾಸು ಅಡ್ಡ ಇಡಲು ಅಲ್ಲಿ ಪಾಸಿಲ್ಲ. ಎಡಗೈಯನ್ನು ಪರದೆಗೆ ಅಡ್ಡ ಹಿಡಿದು ವಾಕ್ಯ ಓದಿದೆ, ಅವರು ಕೊಟ್ಟ ಕಚ್ಚಾ ಹಾಳೆಯಲ್ಲಿ ಕನ್ನಡ ಪದ ಬರೆದೆ, ಕೈ ತೆಗೆದೆ. ಮೇಲ್ವಿಚಾರಕಿ ಒಮ್ಮೆ ಹತ್ತಿರ ಬಂದು ನೋಡಿ ಹೋದರು. ಹಾಳೆಯನ್ನು ಕೊನೆಯಲ್ಲಿ ವಾಪಸ್ಸು ಕೊಡಬೇಕಿತ್ತು.

ಎಲ್ಲ ಮುಗಿದ ಮೇಲೆ ಕಂಪ್ಯೂಟರು ಒಂದು ಪ್ರಶ್ನೆ ಕೇಳುತ್ತದೆ: ಅಂಕ ನೋಡುತ್ತೀಯಾ, ರದ್ದು ಮಾಡುತ್ತೀಯಾ? ಅಂಕ ಎಷ್ಟು ಅಂತ ತೋರಿಸುವ ಮೊದಲೇ ತೀರ್ಮಾನ ಮಾಡಬೇಕು. ಇಡೀ ದಿನದಲ್ಲಿ ನನಗೆ ಅತ್ಯಂತ ಕ್ರೂರ ಅನ್ನಿಸಿದ್ದು ಅದೊಂದು ಪರದೆ. ನೋಡುತ್ತೇನೆ ಅಂತ ಒತ್ತಿದೆ. ವರ್ಬಲ್ 155. ಬರೆದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರಿಗಿಂತ ಮೇಲೆ. ರೂಮ್‌ಮೇಟು ಮುಂದಿನ ವರ್ಷ ಬರೆದು ಇದಕ್ಕಿಂತ ಬಹಳ ಹೆಚ್ಚು ತೆಗೆದಳು, ಯಾವ ಪಟ್ಟಿಯನ್ನೂ ಮುಟ್ಟದೆ.

ಅಮೆರಿಕದ ಒಂದು ರಾಜ್ಯ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತು. ಅಲ್ಲಿ ನನ್ನ ಗೈಡು ಅಂತರ್ಜಲದ ಮಾಡೆಲಿಂಗ್ ಬರುತ್ತದೆಯೇ ಅಂತ ಕೇಳಿದರು, ಪ್ರೋಗ್ರಾಮಿಂಗ್ ಬರುತ್ತದೆಯೇ ಅಂತ ಕೇಳಿದರು. ವರ್ಬಲ್ ಎಷ್ಟು ಅಂತ ಒಬ್ಬರೂ ಕೇಳಲಿಲ್ಲ. ನೋಟ್‌ಬುಕ್ಕಿನ ಪದಗಳಲ್ಲಿ ಹೆಚ್ಚಿನವನ್ನು ಅಲ್ಲಿಯವರ ಬಾಯಲ್ಲಿ ನಾನು ಕೇಳಿಯೇ ಇಲ್ಲ. ಉಪಯೋಗಕ್ಕೆ ಬಂದದ್ದು ದೋ, ಯೆಟ್, ಡಿಸ್ಪೈಟ್‌ಗಳು. ಸಂಶೋಧನಾ ಪ್ರಬಂಧ ಬರೆಯುವಾಗ ಪ್ರತಿ ತೀರ್ಮಾನಕ್ಕೂ ಒಂದು ಷರತ್ತು ಹಾಕಲೇಬೇಕು. ಆ ವಾಕ್ಯಗಳನ್ನು ಓದಲು, ಕಟ್ಟಲು ಮೇಷ್ಟ್ರು ಕಲಿಸಿದ್ದೇ ದಾರಿಯಾಯಿತು.

ಹಾಗಂತ ಈ ಪರೀಕ್ಷೆಗೆ ನಾನು ಜೈ ಅನ್ನುವುದಿಲ್ಲ. ಅಂತರ್ಜಲ ಓದುವವಳಿಗೆ ಎಫ್ಯೂಸಿವ್ ಗೊತ್ತಿರಬೇಕು ಅನ್ನುವುದಕ್ಕೆ ಯಾವ ಸಮರ್ಥನೆಯೂ ನನಗೆ ಕಂಡಿಲ್ಲ. ಒಂದೇ ಬಾಗಿಲು ದಾಟಲು ಕಾನ್ವೆಂಟಿನವಳು ಒಂದು ತಿಂಗಳು, ಸರ್ಕಾರಿ ಶಾಲೆಯವಳು ಆರೋಗ್ಯ ಕೆಡಿಸಿಕೊಳ್ಳುವಷ್ಟು ಕಾಲ ಕೊಡಬೇಕು ಅಂದರೆ ಅದು ಅಳೆಯುತ್ತಿರುವುದು ಬುದ್ಧಿಯನ್ನಲ್ಲ, ಬಾಲ್ಯವನ್ನು.

ಈಗ ಪರೀಕ್ಷೆ ಚಿಕ್ಕದಾಗಿದೆ. 2023ರ ಸೆಪ್ಟೆಂಬರಿನಿಂದ ಒಟ್ಟು 1 ಗಂಟೆ 58 ನಿಮಿಷ, ಒಂದೇ ಪ್ರಬಂಧ. ವರ್ಬಲ್‌ನಲ್ಲಿ 41 ನಿಮಿಷಕ್ಕೆ 27 ಪ್ರಶ್ನೆ. ಅಂಕಕ್ಕೆ ಹಿಡಿಯದ ಆ ಹುಸಿ ಭಾಗವೂ ಹೋಗಿದೆ. ಖಾಲಿ ಜಾಗಗಳು ಹಾಗೇ ಇವೆ. ಬರೆಯಲೇಬೇಕಾದವರು ಪಟ್ಟಿ ಕೊಳ್ಳುವ ಮೊದಲು ಇ.ಟಿ.ಎಸ್. ಪುಕ್ಕಟೆಯಾಗಿ ಕೊಡುವ ಪವರ್‌ಪ್ರೆಪ್ ಟೆಸ್ಟುಗಳನ್ನು ತೆಗೆದುಕೊಂಡು, ತಪ್ಪಾದ ಪ್ರತಿ ವಾಕ್ಯದಲ್ಲೂ ಸುಳಿವು ಎಲ್ಲಿತ್ತು ಅಂತ ಗೆರೆ ಹಾಕಿ ನೋಡಿ. ಅದಕ್ಕೂ ಮೊದಲು ನೀವು ಸೇರಬೇಕೆಂದಿರುವ ವಿಭಾಗದ ಪ್ರವೇಶ ನಿಯಮಗಳನ್ನು ಓದಿ. ಕೋವಿಡ್ ಬಂದ ಮೇಲೆ ಅಮೆರಿಕದ ಎಷ್ಟೋ ವಿಭಾಗಗಳು ಜಿ.ಆರ್.ಇ. ಕೇಳುವುದನ್ನು ಬಿಟ್ಟಿವೆ. ನಾನು ಓದಿದ ವಿಭಾಗವೂ ಈಗ ಕೇಳುವುದಿಲ್ಲ.